ಹಲ್ಲುಜ್ಜುವುದಿಲ್ಲವೇನೇ?

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಾನು ಎಷ್ಟು ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಟ್ಟಿದ್ದೇನೋ ಲೆಕ್ಕವಿಲ್ಲ. ಹಲ್ಲೂ ಕಡಲೆಯೂ ಎರಡೂ ಇರುವ ನನ್ನ ಐದು ವರ್ಷದ ಮೊಮ್ಮಗಳು ಹೋದ ಬೇಸಿಗೆಯಲ್ಲಿ ಚಕ್ಕುಲಿಯನ್ನು ಬಲಗಡೆಯಲ್ಲಿ ಮಾತ್ರ ಅಗಿಯುತ್ತಿದ್ದುದು ಕಣ್ಣಿಗೆ ಬಿತ್ತು. ಬಾಯಿ ತೆರೆಸಿ ನೋಡಿದರೆ ಎಡಗಡೆಯ ದವಡೆ ಹಲ್ಲಿನಲ್ಲಿ ಕಪ್ಪು ಚುಕ್ಕೆ.

ಮನೆಯಲ್ಲಿ ಸಣ್ಣದೊಂದು ನ್ಯಾಯಾಲಯವೇ ಸೇರಿತು. ‘ಹಾಲು ಹಲ್ಲು ತಾನೆ, ಬಿದ್ದುಹೋಗುತ್ತೆ ಬಿಡಿ’ ಎಂದು ಅಳಿಯಂದಿರು ಪೇಪರು ಮಡಿಸಿದರು. ‘ತಾಯಿಯಾದವಳು ಸ್ವಲ್ಪ ಗಮನ ಕೊಡಬೇಡವೇ’ ಎಂದು ಬೀಗಿತ್ತಿ ಗೋಡೆಯ ಕಡೆ ನೋಡಿಕೊಂಡು ಹೇಳಿದರು. ಚಾಕಲೇಟು ತಂದುಕೊಡುತ್ತಿದ್ದವರು ತಾತ, ರಾತ್ರಿ ಹಾಲಿಗೆ ಸಕ್ಕರೆ ಬೆರೆಸುತ್ತಿದ್ದವರು ಸ್ವತಃ ಬೀಗಿತ್ತಿಯೇ. ಆದರೆ ಮಗುವಿನ ಹಲ್ಲು ಹುಳುಕಾದರೆ ಅಪರಾಧಿ ತಾಯಿಯೇ! ನನ್ನ ಮಗಳು ತಲೆ ತಗ್ಗಿಸಿ ನಿಂತಿದ್ದಳು. ಆ ತಗ್ಗಿದ ತಲೆಯನ್ನು ಎಲ್ಲೋ ನೋಡಿದ ಹಾಗಿದೆ ಎನ್ನಿಸಿತು. ಎಲ್ಲಿ ಎಂಬುದು ಆಗ ಹೊಳೆಯಲಿಲ್ಲ.

ಹಾಸನದ ದಂತವೈದ್ಯೆ ಚಿಕ್ಕ ವಯಸ್ಸಿನವರು. ಮೊಮ್ಮಗಳನ್ನು ಕುರ್ಚಿಯ ಮೇಲೆ ಕೂರಿಸಿಕೊಂಡು, ಹುಳುಕಾದ ಒಂದು ಹಲ್ಲಿಗೆ ಸಿಮೆಂಟು ತುಂಬಬೇಕು, ಉಳಿದ ಹಲ್ಲುಗಳಿಗೆ ಫ್ಲೋರೈಡ್ ವಾರ್ನಿಷ್ ಹಚ್ಚಿದರೆ ಒಳ್ಳೆಯದು ಎಂದರು. ಮಗಳು ಬೆಚ್ಚಿದಳು. ಫ್ಲೋರೈಡ್ ವಿಷ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಅವಳು ನೋಡಿದ್ದಳಂತೆ. ‘ಏನಮ್ಮಾ ಮಾಡೋದು, ನೀನೇ ಹೇಳು’ ಎಂದು ನನ್ನ ಮುಖ ನೋಡಿದಳು. ನಿಜ ಹೇಳಬೇಕೆಂದರೆ ಅವಳಿಗಿಂತ ಹೆಚ್ಚು ಬೆಚ್ಚಿದವಳು ನಾನು. ಆ ಹೆಸರು ಕೇಳಿದೊಡನೆ ಪಾವಗಡ ತಾಲೂಕಿನ ಒಂದು ತರಗತಿ ಕಣ್ಣ ಮುಂದೆ ಬಂತು. ತಗ್ಗಿದ ತಲೆ ಯಾರದೆಂಬುದೂ ನೆನಪಾಯಿತು.

1996ರಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಆ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಹೇಮಾವತಿಯ ನೀರು ಕುಡಿದು ಬೆಳೆದ ನನಗೆ ಆ ಬಂಡೆಗುಡ್ಡಗಳ ಸೀಮೆ ಹೊಸದು. ಎಂಟನೆಯ ತರಗತಿಯಲ್ಲಿ ಚೂಟಿಯಾದ ಒಬ್ಬ ಹುಡುಗಿಯಿದ್ದಳು. ಪದ್ಯವನ್ನು ರಾಗವಾಗಿ ಓದುತ್ತಿದ್ದಳು. ಆದರೆ ಅವಳ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆಗಳು. ಒಂದು ದಿನ ಇಡೀ ತರಗತಿಯೆದುರು ನಾನು ಕೇಳಿದೆ: ‘ಇಷ್ಟು ದೊಡ್ಡವಳಾಗಿದ್ದೀಯ, ಹಲ್ಲುಜ್ಜುವುದಿಲ್ಲವೇನೇ?’

ಅವಳು ಉತ್ತರ ಕೊಡಲಿಲ್ಲ, ತಲೆ ತಗ್ಗಿಸಿದಳು. ಆಮೇಲೆ ಪದ್ಯ ಓದಲು ಹೇಳಿದರೂ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು ಓದುತ್ತಿದ್ದಳು.

ಕೆಲವು ತಿಂಗಳ ಮೇಲೆ ನಮ್ಮ ಹೆಡ್‌ಮಾಸ್ಟರು ಮೆಲ್ಲಗೆ ಹೇಳಿದರು: ‘ಮೇಡಂ, ಅದು ಉಜ್ಜದೆ ಬಂದ ಕೊಳೆಯಲ್ಲ. ನಮ್ಮ ಬೋರ್‌ವೆಲ್ ನೀರು. ಉಜ್ಜಿದರೆ ಹೋಗುವಂಥದ್ದಲ್ಲ.’ ಆ ಕಲ್ಲುನೆಲದ ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ನೀರಿಲ್ಲದ ಕಡೆ 1.5ರವರೆಗೆ ಆಗಬಹುದು ಎಂದು ನಿಯಮವಿದೆ. ಅದನ್ನು ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ಕುಡಿದರೆ, ಒಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲಿನ ಹೊರಕವಚ ಕೆಡುತ್ತದೆ. ಅಂದರೆ ಹಲ್ಲು ಹೊರಗೆ ಬರುವ ಮೊದಲೇ ಅದರ ಹಣೆಬರಹ ಬರೆದಾಗಿರುತ್ತದೆ. ಮೀರಿದ ನೀರನ್ನು ಬಹಳ ವರ್ಷ ಕುಡಿದವರ ಮೂಳೆ, ಕೀಲುಗಳೂ ಬಿಗಿದುಕೊಳ್ಳುತ್ತವೆ. ನಲವತ್ತಕ್ಕೇ ಬೆನ್ನು ಬಾಗಿದ ಹೆಂಗಸರನ್ನು ನಾನು ಅಲ್ಲಿ ಕಂಡಿದ್ದೆ. ಹೊಲದ ದುಡಿಮೆ ಎಂದುಕೊಂಡು ಸುಮ್ಮನಾಗಿದ್ದೆ.

ಇದೇನೂ ಆಗ ಯಾರಿಗೂ ತಿಳಿಯದ ಗುಟ್ಟಾಗಿರಲಿಲ್ಲ. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ 1937ರಲ್ಲೇ ಇದನ್ನು ವೈದ್ಯರು ಗುರುತಿಸಿದ್ದರು. ವಿಜ್ಞಾನ ಊರ ಬಾಗಿಲಿಗೆ ಬಂದಿತ್ತು. ಟೀಚರಮ್ಮನ ತಲೆಗೆ ಬಂದಿರಲಿಲ್ಲ ಅಷ್ಟೆ.

ಇಷ್ಟೆಲ್ಲ ಕಂಡವಳು ಈಗ ಅದೇ ಫ್ಲೋರೈಡನ್ನು ಮೊಮ್ಮಗಳ ಹಲ್ಲಿಗೆ ಹಚ್ಚಿಸುವುದೇ? ನನ್ನ ಅಳುಕನ್ನು ದಂತವೈದ್ಯೆಗೆ ಹೇಳಿದೆ. ಆ ತಾಯಿ ನಗಲಿಲ್ಲ. ‘ನೀವು ಯಾವ ನೀರು ಕುಡಿಯುತ್ತೀರಿ?’ ಎಂದು ಕೇಳಿದರು. ನಲ್ಲಿಯಲ್ಲಿ ಬರುವ ಹೇಮಾವತಿ ನೀರು ಎಂದೆವು. ಆಮೇಲೆ ವಿವರಿಸಿದರು. ಸಿಹಿ ತಿಂದಾಗ ಬಾಯಿಯ ಸೂಕ್ಷ್ಮಜೀವಿಗಳು ಅದನ್ನು ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರದ ಸುಣ್ಣದಂಶವನ್ನು ಕರಗಿಸುತ್ತದೆ. ಜೊಲ್ಲು ಅದನ್ನು ಸ್ವಲ್ಪ ಸ್ವಲ್ಪವಾಗಿ ತುಂಬುತ್ತಿರುತ್ತದೆ. ಫ್ಲೋರೈಡ್ ಈ ತುಂಬುವ ಕೆಲಸಕ್ಕೆ ಕೈಜೋಡಿಸಿ, ಹೊಸ ಪದರ ಆಮ್ಲಕ್ಕೆ ಬೇಗ ಕರಗದಂತೆ ಮಾಡುತ್ತದೆ. ವಾರ್ನಿಷ್‌ನಲ್ಲಿ ಅದರ ಸಾಂದ್ರತೆ ಹೆಚ್ಚೇ. ಆದರೆ ಹಚ್ಚುವುದು ಕೆಲವೇ ಹನಿ, ಅದೂ ಆರು ತಿಂಗಳಿಗೊಮ್ಮೆ, ಹಲ್ಲಿನ ಮೇಲೆ. ದಿನವೂ ಬಿಂದಿಗೆ ಬಿಂದಿಗೆ ಕುಡಿಯುವ ನೀರಿನ ಮಾತು ಬೇರೆ. ‘ನೀವು ಪಾವಗಡದ ಕಡೆ ಬೋರ್‌ವೆಲ್ ನೀರು ಕುಡಿಯುವವರಾಗಿದ್ದರೆ ನಾನು ಮೊದಲು ನೀರಿನ ಮಾತನ್ನೇ ಆಡುತ್ತಿದ್ದೆ’ ಎಂದರು.

ಮನೆಗೆ ಬಂದು ಪುಸ್ತಕ ತಿರುವಿದಾಗ ಇನ್ನೊಂದು ಸೋಜಿಗ ತಿಳಿಯಿತು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಹೋದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಅಲ್ಲಿನವರ ಹಲ್ಲಿನ ಮೇಲೆ ಇಂಥದೇ ಕಂದು ಕಲೆ ಕಂಡರು. ಉಜ್ಜದವರು ಎಂದು ಬೈದು ಕಳಿಸಲಿಲ್ಲ. ವರ್ಷಗಟ್ಟಲೆ ಕಾರಣ ಹುಡುಕಿದರು. ಕಲೆಯಿರುವ ಹಲ್ಲು ಅಷ್ಟಾಗಿ ಹುಳುಕಾಗುವುದಿಲ್ಲ ಎಂಬುದನ್ನೂ ಗಮನಿಸಿದರು. ನೀರಿನ ಫ್ಲೋರೈಡೇ ಕಾರಣ ಎಂದು ಸಿಕ್ಕಿಬಿದ್ದದ್ದು 1931ರಲ್ಲಿ. 1945ರಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ಎಂಬ ನಗರದ ನೀರಿಗೆ ಲೆಕ್ಕ ಹಾಕಿ, ಲೀಟರಿಗೆ ಒಂದು ಮಿಲಿಗ್ರಾಮಿನಷ್ಟು, ಅದನ್ನು ಬೆರೆಸಿದರು. ಅಂದರೆ ಮದ್ದು ಸಿಕ್ಕಿದ್ದೇ ಕಲೆಯ ಬೆನ್ನು ಹತ್ತಿದ್ದರಿಂದ!

ನೋಡಿ, ಅದೇ ಕಲೆಯನ್ನು ನಾನೂ ಕಂಡಿದ್ದೆ. ಗೊತ್ತಿಲ್ಲದೆ ಆಡಿದ ಮಾತಿಗೆ ಪಾಪವುಂಟೇ ಎಂದು ನಾನು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಗೊತ್ತಿರಲಿಲ್ಲ ಎಂಬುದು ನಿಜವೇ. ಆದರೆ ಆ ತರಗತಿಯ ಅರ್ಧದಷ್ಟು ಮಕ್ಕಳ ಹಲ್ಲು ಹಾಗೆಯೇ ಇತ್ತು. ಅರ್ಧ ಊರಿನವರು ಹಲ್ಲುಜ್ಜುವುದಿಲ್ಲ ಎಂದು ನಂಬುವುದು ನನಗೆ ಸುಲಭವಾಯಿತೇ ಹೊರತು, ಇದಕ್ಕೇನೋ ಬೇರೆ ಕಾರಣವಿರಬೇಕು ಎನ್ನಿಸಲೇ ಇಲ್ಲ. ಏಕೆ? ಅವರು ಬಡವರು, ಹಳ್ಳಿಯವರು. ನನ್ನ ಬಿಳಿಯ ಹಲ್ಲು ನನ್ನ ಶಿಸ್ತಿನ ಫಲವೆಂದು ನಾನು ತಿಳಿದಿದ್ದೆ. ಅದು ಹೇಮಾವತಿಯ ಕೃಪೆ ಎಂದು ಹೊಳೆದಿರಲಿಲ್ಲ. ಗೊತ್ತಿಲ್ಲದಿರುವುದು ತಪ್ಪಲ್ಲ. ಗೊತ್ತಿದೆ ಎಂದುಕೊಂಡು ಮಗುವೊಂದರ ತಲೆ ತಗ್ಗಿಸಿದ್ದು ತಪ್ಪು. ಈ ವಿಷಯದಲ್ಲಿ ನನಗೆ ನಾನು ರಿಯಾಯಿತಿ ಕೊಟ್ಟುಕೊಳ್ಳಲಾರೆ.

2019ರಲ್ಲಿ ತುಮಕೂರಿನ ಒಂದು ಮದುವೆ ಛತ್ರದಲ್ಲಿ ಅವಳು ಸಿಕ್ಕಿದ್ದಳು. ಕೈಯಲ್ಲಿ ಮಗು. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದೇ ನಕ್ಕಳು. ನಾನು ಅಂದಿನ ಮಾತೆತ್ತಿ ‘ತಪ್ಪಾಯಿತಮ್ಮ’ ಎಂದೆ. ‘ಅಯ್ಯೋ ಬಿಡಿ ಮೇಡಂ’ ಎಂದವಳು, ಸ್ವಲ್ಪ ಹೊತ್ತು ಬಿಟ್ಟು, ‘ಅವತ್ತು ಮನೆಗೆ ಹೋಗಿ ಇಟ್ಟಿಗೆ ಪುಡಿ ಹಾಕ್ಕೊಂಡು ರಕ್ತ ಬರೋ ಹಾಗೆ ಉಜ್ಜಿದ್ದೆ’ ಎಂದಳು. ದೂರುವ ಧ್ವನಿಯಲ್ಲಿ ಹೇಳಲಿಲ್ಲ. ಅದಕ್ಕೇ ನನಗೆ ಊಟ ಸೇರಲಿಲ್ಲ. ಮಗುವಿಗೆ ಫಿಲ್ಟರ್ ಘಟಕದ ಕ್ಯಾನ್ ನೀರನ್ನೇ ಕೊಡುತ್ತೇನೆ, ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲವಂತಲ್ಲ ಎಂದು ಅವಳೇ ನನಗೆ ತಿಳಿಸಿ ಹೇಳಿದಳು. ಹೌದು, ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ.

ಮೊಮ್ಮಗಳಿಗೆ ವಾರ್ನಿಷ್ ಹಚ್ಚಿಸಿದೆವು. ಐದು ನಿಮಿಷದ ಕೆಲಸ. ಬಣ್ಣದ ಕಡ್ಡಿ ಆಡಿಸಿದ ಹಾಗೆ ಚಿಕ್ಕ ಬ್ರಷ್ಷಿನಿಂದ ಸವರಿದರು. ರಾತ್ರಿಯವರೆಗೆ ಗಟ್ಟಿ ತಿಂಡಿ ಬೇಡ, ಹಲ್ಲುಜ್ಜುವುದು ಬೇಡ ಎಂದರು. ಪೇಸ್ಟು ಬಟಾಣಿ ಕಾಳಿನಷ್ಟು ಸಾಕು, ನುಂಗದಂತೆ ಉಗುಳಿಸಿ, ಮೂರು ವರ್ಷದೊಳಗಿನ ಮಕ್ಕಳಾದರೆ ಅಕ್ಕಿ ಕಾಳಿನಷ್ಟೇ ಎಂದರು. ರಾತ್ರಿಯ ಸಕ್ಕರೆ ಹಾಲು ನಿಲ್ಲಿಸಬೇಕು ಎಂದದ್ದನ್ನು ಬೀಗಿತ್ತಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಅತಿಯಾದರೆ ಅಮೃತವೂ ವಿಷ ಎನ್ನುತ್ತೇವೆ. ಅಳತೆಯೊಂದೇ ಸಾಲದು, ಯಾರ ಬಾಯಿ, ಯಾವ ಊರಿನ ನೀರು ಎಂಬುದೂ ತಿಳಿದಿರಬೇಕು. ಒಂದು ಮಗುವಿಗೆ ಹಚ್ಚಬೇಕಾದದ್ದನ್ನೇ ಇನ್ನೊಂದು ಮಗುವಿನ ಬಿಂದಿಗೆಯಿಂದ ತೆಗೆಯಬೇಕು. ಆ ಎಳೆಯ ದಂತವೈದ್ಯೆ ಬಾಯಿ ನೋಡಿ ಕೇಳಿದ್ದು ‘ಯಾವ ನೀರು ಕುಡಿಯುತ್ತೀರಿ’ ಎಂದು. ಅದೇ ವಯಸ್ಸಿನಲ್ಲಿ ನಾನು ಕೇಳಿದ್ದು ‘ಹಲ್ಲುಜ್ಜುವುದಿಲ್ಲವೇನೇ’ ಎಂದು. ಮಕ್ಕಳ ಬಾಯಿಯನ್ನೋ, ತಾಯಂದಿರ ಮುಖವನ್ನೋ ನೋಡಿ ಏನಾದರೂ ಅನ್ನಬೇಕೆನ್ನಿಸಿದಾಗ ಈಗ ನಾನು ಒಂದು ಗಳಿಗೆ ತಡೆಯುತ್ತೇನೆ. ಮಗಳ ಮನೆಯಲ್ಲಿ ಅಂದು ಸೇರಿದ್ದ ನ್ಯಾಯಾಲಯದಲ್ಲೂ ಮೊದಲು ತಡೆಯಬೇಕಾಗಿದ್ದವಳು ನಾನೇ. ಅವಳ ಪರವಾಗಿ ಒಂದು ಮಾತು ಆಡದೆ ಸುಮ್ಮನೆ ಕುಳಿತಿದ್ದೆನಲ್ಲ!