ಒಂದೇ ಮುಟ್ಟು, ಮೂರು ನಿಯಮ

ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡಲು 2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿದಾಗ, ನಮ್ಮ ವಿಭಾಗದ ಎದುರಿನ ಚಹಾದಂಗಡಿಯಲ್ಲಿ ವಾರವಿಡೀ ಅದೇ ಮಾತು. "ಸಮಾನತೆಯೂ ಬೇಕು, ರಜೆಯೂ ಬೇಕು ಅಂದ್ರೆ ಹೇಗೆ? ಯಾವುದಾದ್ರೂ ಒಂದು ಹೇಳಿ" ಎಂದ ಗೆಳೆಯ. ಕಂಪನಿಯೊಂದರಲ್ಲಿ ಕೆಲಸಕ್ಕಿರುವ ಹಳೆಯ ಸಹಪಾಠಿಯೊಬ್ಬಳು ಅಂದು ಸಿಕ್ಕಿದ್ದಳು. "ನನಗಂತೂ ಬೇಡಪ್ಪ. ಆಫೀಸಿಗೆಲ್ಲ ನನ್ನ ಡೇಟ್ ಗೊತ್ತಾಗೋದು ಯಾಕೆ?" ಎಂದಳು. ಇಬ್ಬರಿಗೂ ಹೇಳಲು ನನ್ನ ಹತ್ತಿರ ಉತ್ತರವಿರಲಿಲ್ಲ.

ಗೆಳೆಯನ ಮಾತಿನ ಹಿಂದೆ ಒಂದು ಹಳೆಯ ನಂಬಿಕೆಯಿದೆ: ಹೆಣ್ಣು ಗಂಡಿನ ದೇಹಗಳು ಬೇರೆ, ಆದ್ದರಿಂದ ಬದುಕೂ ಬೇರೆಯೇ ಇರಬೇಕು. ದೇಹಗಳು ಬೇರೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಇಂಥ ಚರ್ಚೆಯಲ್ಲಿ ಯಾರಾದರೊಬ್ಬರು ಜೇಡರ ದಾಸಿಮಯ್ಯನನ್ನು ನೆನೆದು ಆತ್ಮಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲ ಎನ್ನುತ್ತಾರೆ. ದೊಡ್ಡ ಮಾತು. ಆದರೆ ಎರಡನೇ ದಿನ ಹೊಟ್ಟೆ ಹಿಡಿದುಕೊಂಡು ಲೈಬ್ರರಿಯಲ್ಲಿ ಕೂತವಳಿಗೆ ಅದರಿಂದ ಹೆಚ್ಚೇನೂ ಸಹಾಯವಾಗುವುದಿಲ್ಲ. ನನ್ನ ತಕರಾರಿರುವುದು ಆ 'ಆದ್ದರಿಂದ' ಎಂಬ ಪದದ ಬಗ್ಗೆ. 'ಇದೆ' ಎಂಬುದರಿಂದ 'ಇರಬೇಕು' ಎಂಬುದಕ್ಕೆ ನೇರ ದಾರಿಯಿಲ್ಲ ಎಂದು ಡೇವಿಡ್ ಹ್ಯೂಮ್ ಹದಿನೆಂಟನೇ ಶತಮಾನದಲ್ಲೇ ಎಚ್ಚರಿಸಿದ್ದ. ತತ್ತ್ವಶಾಸ್ತ್ರದ ತರಗತಿಯಲ್ಲಿ ಇದನ್ನು ಪರೀಕ್ಷೆಗಾಗಿ ಓದಿದ್ದೆ. ಅರ್ಥವಾದದ್ದು ಮುಟ್ಟಿನ ಬಗ್ಗೆ ಯೋಚಿಸಿದಾಗ.

ತುಮಕೂರು, ಚಿತ್ರದುರ್ಗದ ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರು ಊರಾಚೆಯ ಗುಡಿಸಲಲ್ಲಿ ಇರಬೇಕು. ಹೆರಿಗೆಯ ಸೂತಕಕ್ಕೂ ಅದೇ ಪದ್ಧತಿ. 2023ರ ಜುಲೈನಲ್ಲಿ ತುಮಕೂರು ಜಿಲ್ಲೆಯ ಹಟ್ಟಿಯೊಂದರಲ್ಲಿ ಹೀಗೆ ಹೊರಗಿಟ್ಟಿದ್ದ ಬಾಣಂತಿಯ ಹಸುಗೂಸು ಮಳೆ, ಚಳಿಗೆ ಸಿಕ್ಕಿ ಸತ್ತುಹೋಯಿತು.

ಇನ್ನು ಮಹಾರಾಷ್ಟ್ರದ ಬೀಡ್ ಜಿಲ್ಲೆ. ಅಲ್ಲಿಂದ ಪ್ರತಿ ವರ್ಷ ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಉತ್ತರ ಕರ್ನಾಟಕಕ್ಕೂ ಜನ ಕಬ್ಬು ಕಡಿಯಲು ಬರುತ್ತಾರೆ. ಮುಕಾದಮ ಗಂಡ ಹೆಂಡತಿಯನ್ನು ಒಂದೇ ಜೋಡಿಯಾಗಿ ಲೆಕ್ಕ ಹಿಡಿದು ಮುಂಗಡ ಕೊಡುತ್ತಾನೆ. ಒಂದು ದಿನ ತಪ್ಪಿದರೆ ದಂಡ. ಮುಟ್ಟಾದರೂ ಅಷ್ಟೇ, ಬಸುರಿಯಾದರೂ ಅಷ್ಟೇ. ಗದ್ದೆಯಲ್ಲಿ ಶೌಚಾಲಯವಿಲ್ಲ, ಬಟ್ಟೆ ಬದಲಿಸಲು ಮರೆಯಿಲ್ಲ. ಸೋಂಕಾಗಿ ಆಸ್ಪತ್ರೆಗೆ ಹೋದರೆ ಕ್ಯಾನ್ಸರ್ ಬಂದೀತೆಂದು ಹೆದರಿಸುವ ವೈದ್ಯರು. 2019ರಲ್ಲಿ ಇದು ದೊಡ್ಡ ಸುದ್ದಿಯಾಗಿ, ಸರ್ಕಾರ ಸಮಿತಿ ನೇಮಿಸಿ ಸಮೀಕ್ಷೆ ಮಾಡಿಸಿತು. ಮಾತಾಡಿಸಿದ ಸುಮಾರು 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ನಲವತ್ತು ದಾಟದವರೂ ಅವರಲ್ಲಿದ್ದರು. ಹಟ್ಟಿ ಮುಟ್ಟಾದವಳನ್ನು ಹೊರಗಟ್ಟಿತು. ಗದ್ದೆ ಅವಳಿಗೆ ಮುಟ್ಟೇ ಆಗಬಾರದು ಎಂದಿತು.

ಮೂರನೆಯದು ಈಗ ಬಂದಿರುವ ರಜೆ. ಇದೇನೂ ಹೊಸ ಯೋಚನೆಯಲ್ಲ, ಬಿಹಾರ ತನ್ನ ಸರ್ಕಾರಿ ನೌಕರಿಯ ಹೆಂಗಸರಿಗೆ 1992ರಲ್ಲೇ ತಿಂಗಳಿಗೆ ಎರಡು ದಿನ ಕೊಟ್ಟಿತ್ತು. ಅದೇ ಗರ್ಭಕೋಶ, ಅದೇ ರಕ್ತ. ಒಂದು ಕಡೆ ಗುಡಿಸಲು, ಒಂದು ಕಡೆ ದಂಡ, ಒಂದು ಕಡೆ ರಜೆ. ಜೀವಶಾಸ್ತ್ರವೇ ನಿಯಮವನ್ನು ಹುಟ್ಟಿಸುವುದಾಗಿದ್ದರೆ ಈ ಮೂರೂ ಒಂದಕ್ಕೊಂದು ವಿರುದ್ಧವಾಗಿರಲು ಸಾಧ್ಯವಿರಲಿಲ್ಲ.

ಹೊರಗೆ ಕೂರುವುದು ಹಿಂದಿನವರು ಹೆಣ್ಣಿಗೆ ಕೊಟ್ಟ ವಿಶ್ರಾಂತಿ ಎನ್ನುವವರಿದ್ದಾರೆ. ನಮ್ಮಜ್ಜಿಯೂ ಹಾಗೇ ಹೇಳುತ್ತಿದ್ದರು, "ಮೂರು ದಿನ ಒಲೆ ಮುಂದೆ ಹೋಗೋ ಹಾಗಿರಲಿಲ್ಲ, ಅದೇ ಸುಖ" ಎಂದು. ಅಜ್ಜಿಯ ಅನುಭವವನ್ನು ಸುಳ್ಳೆನ್ನಲಾರೆ. ಆದರೆ ನೋವಿಲ್ಲದ ದಿನವೂ ಅವರು ಒಳಗೆ ಬರುವಂತಿರಲಿಲ್ಲ. ಬೇಡವೆನ್ನಲಾಗದ ವಿಶ್ರಾಂತಿ ಅದು. ಅಲ್ಲದೆ ಎಲ್ಲರ ಮುಟ್ಟೂ ಒಂದೇ ಥರದ್ದಲ್ಲ. ಕೆಲವರಿಗೆ ಗೊತ್ತೇ ಆಗುವುದಿಲ್ಲ, ಎಂಡೋಮೆಟ್ರಿಯೋಸಿಸ್ ಇದ್ದವರಿಗೆ ಹಾಸಿಗೆಯಿಂದ ಏಳಲಾಗುವುದಿಲ್ಲ.

ಗೆಳೆಯನಿಗೆ ಈಗ ಹೇಳುವುದಾದರೆ ಹೀಗೆ ಹೇಳುತ್ತೇನೆ. 'ವಿನಾಯಿತಿ' ಎಂದು ನಿನಗೆ ಕಾಣುತ್ತಿರುವುದು ಯಾವ ಅಳತೆಯಿಂದ? ತಿಂಗಳಿಗೆ ಇಪ್ಪತ್ತಾರು ದಿನ ಒಂದೇ ಸಮನೆ ದುಡಿಯಬಲ್ಲ, ಮುಟ್ಟಾಗದ, ಹೆರದ ದೇಹವನ್ನಿಟ್ಟುಕೊಂಡು ಹಾಜರಿ ಪುಸ್ತಕಕ್ಕೆ ಗೆರೆ ಎಳೆದಿದ್ದಾರೆ. ಅಮೆರಿಕದ ಕಾನೂನು ಚಿಂತಕಿ ಕ್ಯಾಥರಿನ್ ಮ್ಯಾಕಿನನ್ ಅವರ ವಾದವೂ ಸರಿಸುಮಾರು ಇದೇ: ಗಂಡನ್ನು ಅಳತೆಗೋಲಾಗಿ ಇಟ್ಟುಕೊಂಡಾಗ ಹೆಣ್ಣು 'ಭಿನ್ನ'ಳಾಗುತ್ತಾಳೆ. ಗಂಡೂ ಹೆಣ್ಣಿನಿಂದ ಅಷ್ಟೇ ಭಿನ್ನ, ಆದರೆ ಅದಕ್ಕಾಗಿ ಅವನು ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ.

ಸಹಪಾಠಿಗೆ ಏನು ಹೇಳುವುದೆಂದು ಇನ್ನೂ ತಿಳಿದಿಲ್ಲ. ರಜೆ ಕಡ್ಡಾಯ ಮಾಡಿದರೆ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮಾಲೀಕರು ಹಿಂಜರಿಯಬಹುದು ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತ್ತು. ಆ ಭಯ ನಿಜವಾದದ್ದು. ಅದು ಮಾಲೀಕರ ಕುರಿತ ಸತ್ಯವೇ ಹೊರತು ಗರ್ಭಕೋಶದ ಕುರಿತದ್ದಲ್ಲ ಎಂದು ನಾನು ವಾದಿಸಬಲ್ಲೆ, ಆದರೆ ನಾಳೆ ಬಡ್ತಿಗಾಗಿ ಕಾಯುವವಳು ನಾನಲ್ಲ, ಅವಳು.

ಹೋದ ತಿಂಗಳು ಅವಳು ಒಂದು ದಿನ ರಜೆ ಹಾಕಿದಳಂತೆ. ಕಾರಣ ಕೇಳುವ ಜಾಗದಲ್ಲಿ 'ಜ್ವರ' ಎಂದು ಬರೆದೆ ಅಂದಳು.