ಕೌಂಟರಿನ ಹುಡುಗಿ ಕೇಳಿದ ಪ್ರಶ್ನೆ

ಕಳೆದ ಬೇಸಿಗೆ ರಜೆಯಲ್ಲಿ ಮಗಳ ಬಾಣಂತನಕ್ಕೆಂದು ದೆಹಲಿಗೆ ಹೊರಟಿದ್ದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸನ್ನು ತೂಕಕ್ಕಿಟ್ಟಾಗ ಕೌಂಟರಿನ ಹುಡುಗಿ, "ಇದರೊಳಗೆ ಪವರ್‌ಬ್ಯಾಂಕ್, ಬಿಡಿ ಬ್ಯಾಟರಿ ಏನಾದರೂ ಇದೆಯಾ ಮೇಡಂ?" ಎಂದು ಕೇಳಿದಳು. ಇತ್ತು. ಸೀರೆಗಳ ಅಡಿಯಲ್ಲಿ, ಅಂಟಿನುಂಡೆ ಡಬ್ಬದ ಪಕ್ಕದಲ್ಲಿ. ಆದರೆ ಕಟ್ಟಿದ ಹಗ್ಗ ಬಿಚ್ಚಿ, ಅಷ್ಟು ಜನರೆದುರು ಬಟ್ಟೆಬರೆ ಹರಡಿಕೊಂಡು ಕೂರುವುದು ಯಾರಿಗೆ ಬೇಕು? "ಇಲ್ಲಮ್ಮ" ಎಂದುಬಿಟ್ಟೆ.

ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮನಸ್ಸು ನನ್ನ ಪರ ವಕಾಲತ್ತಿಗೆ ನಿಂತಿತು. ಅಂಗೈಯಗಲದ ವಸ್ತು, ಎರಡು ವರ್ಷದಿಂದ ಮನೆಯಲ್ಲಿದೆ, ಏನೂ ಆಗಿಲ್ಲ. ತಪ್ಪಾಗಿದ್ದರೆ ಅವರ ಯಂತ್ರವೇ ಹಿಡಿಯುತ್ತದೆ ಬಿಡು. ಈ ಕೊನೆಯ ಮಾತೇ ನನ್ನನ್ನು ಚುಚ್ಚಿದ್ದು. ಪರೀಕ್ಷೆಯ ಕೊಠಡಿಯಲ್ಲಿ ಚೀಟಿಯಿಲ್ಲವೆಂದು ಹೇಳಿ ಸಿಕ್ಕಿಬಿದ್ದ ಹುಡುಗ, "ಹೇಗೂ ನೀವು ಹುಡುಕೇ ಹುಡುಕ್ತೀರಲ್ಲ ಮಿಸ್" ಎಂದರೆ ನಾನು ಸುಮ್ಮನಿರುತ್ತಿದ್ದೆನೇ?

ನಿಯಮವೇನೂ ಕುರುಡಲ್ಲ. ಲಿಥಿಯಂ ಬ್ಯಾಟರಿ ಒಳಗೇ ಕೆಟ್ಟರೆ ಬಿಸಿಯೇ ಬಿಸಿಯನ್ನು ಹೆಚ್ಚಿಸುತ್ತಾ ಹೋಗಿ ಹೊತ್ತಿಕೊಳ್ಳುತ್ತದೆ. ಸೀಟಿನ ಬಳಿಯಾದರೆ ಸಿಬ್ಬಂದಿ ನೀರು ಸುರಿದು ತಣಿಸಿಯಾರು. ವಿಮಾನದ ಹೊಟ್ಟೆಯಲ್ಲಾದರೆ ಅಲ್ಲಿಗೆ ಯಾರ ಕೈಯೂ ಹೋಗದು. ಅದಕ್ಕೇ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು; ಅನುಮತಿಯಿಲ್ಲದೆ 100 ವಾಟ್‌-ಅವರ್ ಮೀರಬಾರದು. ನನ್ನದು 20,000 ಎಂಎಎಚ್‌ನದು, ಲೆಕ್ಕ ಹಾಕಿದರೆ 74. ಕೈಚೀಲಕ್ಕೆ ಹಾಕಿಕೊಂಡಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ! 2010ರ ಸೆಪ್ಟೆಂಬರಿನಲ್ಲಿ ದುಬೈನಲ್ಲಿ ಬೆಂಕಿ ಬಿದ್ದು ಉರುಳಿದ ಸರಕು ವಿಮಾನದಲ್ಲಿ ಇಂಥ ಬ್ಯಾಟರಿಗಳ ರಾಶಿಯಿತ್ತು, ಪೈಲಟ್‌ಗಳಿಬ್ಬರೂ ಉಳಿಯಲಿಲ್ಲ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹಾರುವ ಮುನ್ನವೇ ಹೊತ್ತಿಕೊಂಡ ವಿಮಾನದಿಂದ 176 ಮಂದಿ ಹೇಗೋ ಪಾರಾದರು. ಪವರ್‌ಬ್ಯಾಂಕೇ ಕಾರಣವಿರಬಹುದೆಂದು ತನಿಖೆಯವರು ಹೇಳಿದರು.

ಬಹುಪಾಲು ಬ್ಯಾಟರಿಗಳು ಏನೂ ಮಾಡುವುದಿಲ್ಲ, ನಿಜ. ಆದರೆ ಕೆಡುವ ಆ ಒಂದು ಯಾರದೆಂದು ಅದರ ಒಡತಿಗೂ ತಿಳಿದಿರುವುದಿಲ್ಲವಲ್ಲ. ನನ್ನ ಅಪಾಯವನ್ನು ನಾನೊಬ್ಬಳೇ ಹೊರುವುದಾದರೆ ಅದು ನನ್ನ ಇಷ್ಟ. ಕಂಕುಳಲ್ಲಿ ಕೂಸನ್ನೆತ್ತಿಕೊಂಡು ನನ್ನ ಹಿಂದೆ ನಿಂತಿದ್ದ ತಾಯಿಯನ್ನು ನಾನು ಕೇಳಿದ್ದೆನೇ? ನನ್ನ ಸಂಕೋಚಕ್ಕೆ ಅವಳ ಮಗುವನ್ನು ಪಣಕ್ಕಿಡಲು ನಾನ್ಯಾರು?

ಹಿಂದಿರುಗಿದೆ. ಒಳಗೆ ಹೋಗಿದ್ದ ಸೂಟ್‌ಕೇಸನ್ನು ತರಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಹಗ್ಗ ಬಿಚ್ಚುವಾಗ ಅಂಟಿನುಂಡೆಯ ಡಬ್ಬ ಉರುಳಿತು. ಹುಡುಗಿ ಬೈಯಲಿಲ್ಲ. "ಮೊದಲೇ ಹೇಳಬಾರದಿತ್ತಾ ಆಂಟಿ" ಎಂದಳು. ಆಗ ಮೇಡಂ ಆಗಿದ್ದವಳು ಈಗ ಆಂಟಿಯಾಗಿದ್ದೆ.

ನಾನು ಸತ್ಯವಂತಳೆಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಯಂತ್ರ ಹಿಡಿಯುತ್ತದೆಂಬ ಭಯ ಇಲ್ಲದಿದ್ದರೆ ಹಿಂದಿರುಗುತ್ತಿದ್ದೆನೇ ಎಂದು ಕೇಳಿಕೊಂಡರೆ ಇವತ್ತಿಗೂ ಧೈರ್ಯವಾಗಿ ಹೌದೆನ್ನಲಾರೆ. ಆದರೆ ಈಗ ಪರೀಕ್ಷೆಯ ದಿನ ಚೀಟಿಯ ಪ್ರಶ್ನೆಯನ್ನು ಎರಡು ಸಲ ಕೇಳುತ್ತೇನೆ, ನಡುವೆ ಸ್ವಲ್ಪ ಹೊತ್ತು ಬಿಟ್ಟು. ಮಕ್ಕಳಿಗೂ ನಾಲ್ಕು ಹೆಜ್ಜೆ ನಡೆಯುವಷ್ಟು ಸಮಯ ಬೇಕಲ್ಲವೇ?