ಅಂಗಳದ ರೇಖಾಗಣಿತ

ಜೀವವುಳ್ಳ ನೆಲದ ಮೇಲೆ ಮನುಷ್ಯನು ವೃತ್ತ, ಚತುರಸ್ರ, ತ್ರಿಕೋಣಗಳನ್ನು ಬರೆದು, ಆ ಆಕಾರಗಳಿಗೆ ಅನುಸಾರವಾಗಿ ಗಿಡಮರಗಳು ಬೆಳೆಯಬೇಕೆಂದು ಬಯಸುವುದು ಸೃಷ್ಟಿಯ ವಿಷಯದಲ್ಲಿ ಅವನು ತೋರುವ ಗೌರವವೋ, ಸೃಷ್ಟಿಕರ್ತನ ಪೀಠದಲ್ಲಿ ತಾನೇ ಕುಳಿತುಕೊಳ್ಳುವ ಅಹಂಕಾರವೋ ಎಂಬ ಪ್ರಶ್ನೆಯು, ಮನೆಯ ಮುಂದಿನ ನಾಲ್ಕು ಗಜ ಜಾಗದಲ್ಲಿ ದಾಸವಾಳವನ್ನೋ ಮಲ್ಲಿಗೆಯನ್ನೋ ಹಾಕಿಕೊಳ್ಳುವ ಗೃಹಸ್ಥನಿಗೆ ಸಂಬಂಧಪಡದ ದೊಡ್ಡ ಮಾತೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಧರ್ಮದ ಪ್ರಶ್ನೆಗಳು ಗರ್ಭಗುಡಿಯಲ್ಲಿ ಹುಟ್ಟುವಷ್ಟೇ ಸಹಜವಾಗಿ ಅಂಗಳದಲ್ಲಿಯೂ ಹುಟ್ಟುತ್ತವೆ. ಅದರಲ್ಲಿಯೂ, ಅಂಗಳವೆಂಬುದು ಅಡಿಗಳಲ್ಲಿ ಅಳೆದು ಉಳಿಸಿಕೊಳ್ಳಬೇಕಾದ ವಸ್ತುವಾಗಿರುವ ನಾಗರಬಾವಿಯಂಥ ಬಡಾವಣೆಯಲ್ಲಿ ಈ ಪ್ರಶ್ನೆಯನ್ನು ದಾಟಿಕೊಂಡು ಒಂದು ಗಿಡವನ್ನು ನೆಡುವುದೂ ಕಷ್ಟವೆಂದು ನನಗೆ ತೋರುತ್ತದೆ.

1976ರಲ್ಲಿ ಸ್ಥಾಪಿತವಾದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಇಲ್ಲಿಯ ನೆಲವನ್ನು ಹಂತಗಳಾಗಿಯೂ ಬ್ಲಾಕುಗಳಾಗಿಯೂ ವಿಂಗಡಿಸಿ, 30 ಅಡಿಗೆ 40 ಅಡಿ, 40 ಅಡಿಗೆ 60 ಅಡಿ ಎಂಬ ಆಯತಗಳನ್ನಾಗಿ ಹಂಚಿತು. ಹೊಲದ ಬದು ಹೇಗೆ ಬಾಗಿತ್ತು, ಮಳೆಯ ನೀರು ಯಾವ ಇಳಿಜಾರಿನಲ್ಲಿ ಮಲ್ಲತ್ತಹಳ್ಳಿಯ ಕೆರೆಯ ಕಡೆಗೋ ಇನ್ನಾವ ತಗ್ಗಿಗೋ ಹರಿಯುತ್ತಿತ್ತು, ಹೊಂಗೆಯ ಮರವೊಂದು ಯಾವ ಮೂಲೆಯಲ್ಲಿ ನೆರಳು ಚೆಲ್ಲಿತ್ತು ಎಂಬ ಯಾವ ವಿಚಾರವೂ ಕ್ರಯಪತ್ರದ ಚಕ್ಕುಬಂದಿಯಲ್ಲಿ ಬರುವುದಿಲ್ಲ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ಸಂಖ್ಯೆಯ ನಿವೇಶನ ಎಂಬಷ್ಟರಲ್ಲಿಯೇ ಅದು ಭೂಮಿಯನ್ನು ವರ್ಣಿಸಿ ಮುಗಿಸುತ್ತದೆ. ಲಕ್ಷಾಂತರ ಜನರಿಗೆ ಸೂರನ್ನು ಹಂಚಬೇಕಾದ ನಗರಕ್ಕೆ ಇದು ಅನಿವಾರ್ಯವೆಂಬುದನ್ನು ನಾನು ಒಪ್ಪುತ್ತೇನೆ. ಆದರೂ ಈ ರೇಖೆಯು ಸ್ವಾಮ್ಯದ ರೇಖೆ. ಇಲ್ಲಿಂದ ಇಲ್ಲಿಯವರೆಗೆ ನನ್ನದು, ಅಲ್ಲಿಂದಾಚೆಗೆ ಅನ್ಯರದು ಎಂದು ಹೇಳುವುದಕ್ಕಾಗಿಯೇ ಅದು ಹುಟ್ಟಿದೆ.

ರೇಖೆಗೆ ಇದಕ್ಕಿಂತ ಪ್ರಾಚೀನವಾದ ಇನ್ನೊಂದು ಕುಲವುಂಟು. ನಮ್ಮ ದೇಶದಲ್ಲಿ ಉಪಲಬ್ಧವಿರುವ ಅತ್ಯಂತ ಹಳೆಯ ಕ್ಷೇತ್ರಗಣಿತವು ಶುಲ್ಬಸೂತ್ರಗಳಲ್ಲಿ ಯಜ್ಞವೇದಿಯನ್ನು ಕಟ್ಟುವ ಸಲುವಾಗಿ ಬೆಳೆದುಬಂದುದು. ಗೂಟ ಮತ್ತು ಹಗ್ಗಗಳೆರಡೇ ಅದರ ಉಪಕರಣಗಳು. ಬೌಧಾಯನಾದಿಗಳ ವಿಧಿಯಂತೆ ಗಾರ್ಹಪತ್ಯಾಗ್ನಿಯ ಕುಂಡವು ವೃತ್ತಾಕಾರವಾಗಿಯೂ, ಆಹವನೀಯದ್ದು ಚತುರಸ್ರವಾಗಿಯೂ, ದಕ್ಷಿಣಾಗ್ನಿಯದು ಅರ್ಧವೃತ್ತವಾಗಿಯೂ ಇರಬೇಕು. ಮೂರರ ಕ್ಷೇತ್ರಫಲವು ಮಾತ್ರ ಸಮನಾಗಿರಬೇಕು. ಆಕಾರಗಳು ಬೇರೆಬೇರೆಯಾಗಿದ್ದರೂ ಪರಿಮಾಣವು ಒಂದೇ ಆಗಿರಬೇಕೆಂಬ ಈ ನಿಯಮವನ್ನು ಪಾಲಿಸುವುದಕ್ಕಾಗಿ ಚೌಕವನ್ನು ವೃತ್ತಕ್ಕೂ ವೃತ್ತವನ್ನು ಚೌಕಕ್ಕೂ ಸಮೀಪದ ಲೆಕ್ಕದಿಂದ ಮಾರ್ಪಡಿಸುವ ಕ್ರಮವನ್ನು ಆ ಋತ್ವಿಜರು ಕಂಡುಕೊಂಡರು. ಮೂರು ಅಗ್ನಿಗಳಲ್ಲಿ ಗೃಹಸ್ಥನ ಮನೆಯ ಅಗ್ನಿಯು ಯಾವುದುಂಟೋ, ಈ ಭೂಲೋಕದ ಪ್ರತಿನಿಧಿಯೆಂದು ಬ್ರಾಹ್ಮಣಗ್ರಂಥಗಳು ಯಾವುದನ್ನು ಹೇಳುತ್ತವೋ, ಅದೇ ದುಂಡಾಗಿರುವುದು ನನ್ನ ಮನಸ್ಸಿಗೆ ಬಹಳ ಹಿಡಿಸಿದ ಸಂಗತಿ. ಇಲ್ಲಿ ಭೂಮಿಯನ್ನು ಅಳೆದದ್ದು ಅದನ್ನು ವಶಪಡಿಸಿಕೊಳ್ಳುವುದಕ್ಕಾಗಿ ಆಗಿರಲಿಲ್ಲ. ಬರಬೇಕಾದ ಅತಿಥಿಗೆ ಎಡೆಯನ್ನು ಸಿದ್ಧಪಡಿಸುವುದಕ್ಕಾಗಿ ಅಳೆದರು.

ಕನ್ನಡನಾಡಿನಲ್ಲಿ ಈ ಎರಡನೆಯ ಕುಲವು ನಿಂತುಹೋಗಲಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಕ್ಷೇತ್ರಗಣಿತಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. 12ನೆಯ ಶತಮಾನದ ರಾಜಾದಿತ್ಯನು ಗಣಿತವನ್ನು ಕನ್ನಡದಲ್ಲಿಯೇ ಹೇಳಿದನು. ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿಯಾದರೋ ಮನೆಯ ವಾಸ್ತು, ನೆಲದೊಳಗಿನ ಜಲದ ಲಕ್ಷಣ, ವೃಕ್ಷಗಳ ಆಯುರ್ವೇದ ಇವೆಲ್ಲವೂ ಒಂದೇ ಗ್ರಂಥದಲ್ಲಿ ಸೇರಿಕೊಂಡಿವೆ. ಮನೆ, ಬಾವಿ, ಮರ ಎಂಬ ಮೂರನ್ನು ಮೂರು ಬೇರೆ ಗುತ್ತಿಗೆದಾರರಿಗೆ ಒಪ್ಪಿಸಿ, ಒಬ್ಬರ ಕೆಲಸವು ಇನ್ನೊಬ್ಬರಿಗೆ ತಿಳಿಯದಂತೆ ಮುಗಿಸುವ ಈಗಿನ ಪದ್ಧತಿಯನ್ನು ಕಂಡಾಗಲೆಲ್ಲ ಆ ಗ್ರಂಥದ ಸಂಯೋಜನೆಯ ವಿವೇಕವು ನನಗೆ ನೆನಪಾಗುತ್ತದೆ.

ನಾಗರಬಾವಿಯ ಎರಡನೆಯ ಹಂತದಲ್ಲಿ ಯಾರದಾದರೂ ನಿವೇಶನದಲ್ಲಿ ಪಾಯಕ್ಕೆ ಗುರುತು ಹಾಕುವ ಬೆಳಿಗ್ಗೆ ಒಂದು ಗಳಿಗೆ ನಿಂತು ನೋಡಿದರೆ ಈ ಎರಡು ಕುಲಗಳೂ ಒಂದೇ ದಾರದಲ್ಲಿ ಕೂಡುವುದನ್ನು ಕಾಣಬಹುದು. ಮೇಸ್ತ್ರಿಯು ಮೂಲೆಯ ಗೂಟಕ್ಕೆ ಎರಡು ದಾರಗಳನ್ನು ಕಟ್ಟಿ, ಒಂದರ ಮೇಲೆ 3 ಅಡಿಗೂ ಇನ್ನೊಂದರ ಮೇಲೆ 4 ಅಡಿಗೂ ಗುರುತಿಟ್ಟು, ಆ ಗುರುತುಗಳ ನಡುವೆ ಟೇಪು ಹಿಡಿದು, 5 ಅಡಿ ಬರುವತನಕ ದಾರವನ್ನು ಆಚೆಗೀಚೆಗೆ ಸರಿಸುತ್ತಾನೆ. ಬಂದಕೂಡಲೆ, ಮೂಲೆಮಟ್ಟ ಸರಿಯಾಯಿತೆಂದು ಹೇಳಿ ಸುಣ್ಣದ ಪುಡಿಯನ್ನು ಎಳೆಯುತ್ತಾನೆ. ಬೌಧಾಯನನ ಹೆಸರನ್ನು ಅವನು ಕೇಳಿರಲಾರನು. ಆದರೆ ಅವನ ಕೈಯಲ್ಲಿರುವುದು ಆ ಸೂತ್ರಕಾರನ ಹಗ್ಗವೇ. ದಾರದ ಒಂದು ತುದಿಯಲ್ಲಿ ಒಡೆದ ತೆಂಗಿನಕಾಯಿ, ಅರಿಸಿನ, ಕುಂಕುಮ. ಇನ್ನೊಂದು ತುದಿಯಲ್ಲಿ ನೆರೆಮನೆಯವನ ಗೋಡೆಗೆ ಅರ್ಧ ಅಂಗುಲ ಹೆಚ್ಚುಕಡಮೆಯಾಯಿತೇ ಎಂಬ ವಿಚಾರ.

ಮನೆ ಎದ್ದು ನಿಂತ ಮೇಲೆ ಉಳಿದ ನೆಲದಲ್ಲಿ ತೋಟವನ್ನು ಸಂಯೋಜಿಸುವವರು ಸಾಮಾನ್ಯವಾಗಿ ಆಕಾರಗಳಿಂದಲೇ ಪ್ರಾರಂಭಿಸುತ್ತಾರೆ. ಅದು ತಪ್ಪಲ್ಲ, ಆಕಾರವಿಲ್ಲದೆ ಮನಸ್ಸು ಯಾವುದನ್ನೂ ಹಿಡಿಯಲಾರದು, ಮತ್ತು ಸಗುಣೋಪಾಸನೆಯ ಸಮರ್ಥನೆಯೂ ಇದೇ ಅಲ್ಲವೇ? ಯೋಗತತ್ತ್ವೋಪನಿಷತ್ತು ಪೃಥ್ವಿಗೆ ಚತುರಸ್ರವನ್ನೂ, ಜಲಕ್ಕೆ ಅರ್ಧಚಂದ್ರವನ್ನೂ, ತೇಜಸ್ಸಿಗೆ ತ್ರಿಕೋಣವನ್ನೂ, ವಾಯುವಿಗೆ ಷಟ್ಕೋಣವನ್ನೂ, ಆಕಾಶಕ್ಕೆ ವೃತ್ತವನ್ನೂ ಧ್ಯಾನದ ಆಕಾರಗಳಾಗಿ ನಿಯಮಿಸುತ್ತದೆ. ಇವುಗಳನ್ನು ಅಂಗಳಕ್ಕೆ ಇಳಿಸಿ ನೋಡಿದರೆ, ಧ್ಯಾನಕ್ಕೆ ಹೇಳಿದ್ದು ನೆಲಕ್ಕೂ ಎಷ್ಟೋ ಮಟ್ಟಿಗೆ ಒಪ್ಪುತ್ತದೆ. ತುಳಸೀಕಟ್ಟೆಯ ಚೌಕವು ನಿಂತಲ್ಲಿ ನಿಲ್ಲುವ ಸ್ಥೈರ್ಯವನ್ನು ಕೊಡುತ್ತದೆ. ಇಳಿಜಾರಿನ ಕಡೆ ಮಣ್ಣನ್ನು ಅರ್ಧಚಂದ್ರಾಕೃತಿಯಲ್ಲಿ ಏರಿಸಿದರೆ ಹರಿದುಬರುವ ಮಳೆನೀರು ಅದರ ಮಡಿಲಲ್ಲಿ ನಿಂತು ಇಂಗುತ್ತದೆ. ಎರಡು ರಸ್ತೆಗಳು ಕೂಡುವ ಮೂಲೆಯ ನಿವೇಶನದಲ್ಲಿ ತ್ರಿಕೋಣವು ತಾನಾಗಿಯೇ ಒದಗಿಬರುತ್ತದೆ. ವೃತ್ತವು ಸುತ್ತಿ ನಡೆಯುವುದಕ್ಕೆ, ಎಂದರೆ ಪ್ರದಕ್ಷಿಣೆಗೆ, ಕರೆಯುತ್ತದೆ. ಸಣ್ಣ ಅಂಗಳಕ್ಕೆ ಒಂದೇ ವೃತ್ತ ಸಾಕು. ಮೂರು ನಾಲ್ಕು ವೃತ್ತಗಳನ್ನು ಒಂದರ ಪಕ್ಕದಲ್ಲೊಂದು ಬರೆದ ತೋಟದಲ್ಲಿ ಕಣ್ಣಿಗೂ ವಿಶ್ರಾಂತಿಯಿಲ್ಲ, ಕಾಲಿಗೂ ದಾರಿಯಿಲ್ಲ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ವಾಸ್ತುಪುರುಷಮಂಡಲವು 64 ಅಥವಾ 81 ಪದಗಳ ಚೌಕ. ಅದರ ನಡುವಿನ ಪದಗಳು ಬ್ರಹ್ಮಸ್ಥಾನ. ಗೃಹನಿರ್ಮಾಣದಲ್ಲಿ ಅಲ್ಲಿ ಕಂಬವನ್ನು ನಿಲ್ಲಿಸಬಾರದು, ಭಾರವನ್ನು ಹೊರಿಸಬಾರದು, ಅದು ತೆರವಾಗಿರಬೇಕು. ನಮ್ಮ ಹಳೆಯ ತೊಟ್ಟಿಯ ಮನೆಗಳಲ್ಲಿ ಈ ಶಾಸ್ತ್ರವು ಆಕಾಶಕ್ಕೆ ತೆರೆದ ಅಂಗಳವಾಗಿ ಜೀವಂತವಾಗಿತ್ತು. ಮಳೆಯೂ ಬಿಸಿಲೂ ಮನೆಯ ಮಧ್ಯದಲ್ಲಿಯೇ ಬೀಳುತ್ತಿದ್ದುವು. ಈಗಿನ ನಿವೇಶನದಲ್ಲಿ ಆ ಶೂನ್ಯಸ್ಥಾನವು ನಡುವಿನಿಂದ ಹೊರಟುಹೋಗಿ ಅಂಚಿಗೆ ಬಂದು ನಿಂತಿದೆ. ಕಟ್ಟಡದ ಸುತ್ತಲೂ ಇಷ್ಟು ಅಡಿ ಬಿಡತಕ್ಕದ್ದೆಂದು ಕಾನೂನು ಹೇಳುತ್ತದೆ. ಜನರ ಬಾಯಲ್ಲಿ ಅದು ಸೆಟ್‌ಬ್ಯಾಕು. ಕೇಂದ್ರದಲ್ಲಿ ಪೂಜ್ಯವಾಗಿದ್ದ ತೆರವು ಅಂಚಿಗೆ ಬಂದ ಮೇಲೆ ನಷ್ಟದ ಬಾಬತ್ತೆಂದು ಎಣಿಸಲ್ಪಟ್ಟಿತು. ಬೈಕು ನಿಲ್ಲಿಸುವುದಕ್ಕೆ, ಸಂಪಿನ ಮುಚ್ಚಳಕ್ಕೆ, ಕೊನೆಗೆ ಗೋಡೆಯನ್ನು ಒಂದಿಷ್ಟು ಮುಂದಕ್ಕೆ ತರುವುದಕ್ಕೆ ಅದು ಬಳಕೆಯಾಯಿತು. ಅಂಗಳದ ತೋಟವನ್ನು ಧರ್ಮದ ವಿಷಯವೆಂದು ನಾನು ಭಾವಿಸುವುದಕ್ಕೆ ಇದೇ ಮುಖ್ಯ ಕಾರಣ: ನಗರದ ಗೃಹಸ್ಥನಿಗೆ ಉಳಿದಿರುವ ಬ್ರಹ್ಮಸ್ಥಾನವು ಆ ಮೂರು ಅಡಿಯ ಪಟ್ಟಿಯೊಂದೇ.

ಇದಕ್ಕೆ ಪ್ರಬಲವಾದ ಆಕ್ಷೇಪಗಳುಂಟು. ಜೈನದರ್ಶನದಲ್ಲಿ ವನಸ್ಪತಿಯು ಏಕೇಂದ್ರಿಯ ಜೀವ. ಸ್ಪರ್ಶವೆಂಬ ಒಂದೇ ಇಂದ್ರಿಯದಿಂದ ಅದು ಸುಖದುಃಖಗಳನ್ನು ಅನುಭವಿಸುತ್ತದೆ. ಹಾಗಾದರೆ ಬೇಲಿಯ ಡುರಾಂಟವನ್ನು ವಾರವಾರವೂ ಕತ್ತರಿಸಿ ಪೆಟ್ಟಿಗೆಯ ಆಕಾರಕ್ಕೆ ತರುವ ಕೈಗೆ ಹಿಂಸೆಯ ಲೇಪವಿಲ್ಲವೇ? ಗೃಹಸ್ಥನಿಗೆ ಸಂಪೂರ್ಣ ಅಹಿಂಸೆಯು ಅಸಾಧ್ಯವೆಂದು ಆ ದರ್ಶನವೇ ಒಪ್ಪಿ ಅವನಿಗೆ ಅಣುವ್ರತವನ್ನು ವಿಧಿಸಿದೆ; ಆದರೆ ಅನಾವಶ್ಯಕವಾದ ಹಿಂಸೆಗೆ ಅಣುವ್ರತವೂ ರಕ್ಷೆಯಾಗದು. ಎರಡನೆಯ ಆಕ್ಷೇಪವು ವಚನಕಾರರ ಕಡೆಯಿಂದ ಬರುತ್ತದೆ. ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದು ಕಂಡ ಬಸವಣ್ಣನವರ ದೃಷ್ಟಿಯಿಂದ ನೋಡಿದರೆ, ಚಿಗುರುತ್ತ, ಬಾಗುತ್ತ, ಉದುರುತ್ತ ನಡೆದಿರುವ ಬಳ್ಳಿಯನ್ನು ನಿಂತಲ್ಲೇ ನಿಂತ ಒಂದು ರೇಖೆಯ ಸೇವೆಗೆ ಹಚ್ಚುವುದು ಚಲಿಸುವುದನ್ನು ಚಲಿಸದುದಕ್ಕೆ ಬಲಿಗೊಟ್ಟಂತೆ.

ಈ ಎರಡು ಆಕ್ಷೇಪಗಳನ್ನೂ ನಾನು ಸತ್ಯವೆಂದೇ ಭಾವಿಸುತ್ತೇನೆ. ಮತ್ತು ಅವುಗಳನ್ನು ಒಪ್ಪಿಕೊಂಡ ಮೇಲೂ ರೇಖಾಗಣಿತಕ್ಕೆ ಅಂಗಳದಲ್ಲಿ ಸ್ಥಾನವುಂಟೆಂದು ಹೇಳುತ್ತೇನೆ. ಆಕಾರವನ್ನು ಗಿಡಕ್ಕೆ ಕೊಟ್ಟ ಆಜ್ಞೆಯೆಂದು ತಿಳಿದಾಗ ದೋಷವು ಹುಟ್ಟುತ್ತದೆ. ತೋಟ ಮಾಡುವವನು ತನಗೆ ತಾನೇ ವಿಧಿಸಿಕೊಂಡ ವ್ರತವೆಂದು ತಿಳಿದಾಗ ಅದು ಸಾಧನೆಯಾಗುತ್ತದೆ. ಈ ವೃತ್ತದೊಳಗೆ ನಾನು ಕಾಲಿಡೆನು, ಇಲ್ಲಿಗೆ ಸಿಮೆಂಟನ್ನು ತಾರೆನು, ಇಲ್ಲಿಯ ಮಣ್ಣನ್ನು ಒಣಗಗೊಡೆನು ಎಂದು ಸಂಕಲ್ಪಿಸಿ ಬರೆದ ರೇಖೆಯು ಮನುಷ್ಯನನ್ನು ಕಟ್ಟುತ್ತದೆ, ಗಿಡವನ್ನು ಬಿಡುತ್ತದೆ. ದಾಸವಾಳದ ಕೊಂಬೆಯೊಂದು ಮೂರನೆಯ ಮಳೆಗಾಲದಲ್ಲಿ ಆ ರೇಖೆಯನ್ನು ದಾಟಿ ಹೊರಗೆ ಹೂ ಬಿಟ್ಟರೆ ವ್ರತಕ್ಕೆ ಭಂಗವಿಲ್ಲ. ಮನೆಯವನ ಕಾರು ರೇಖೆಯನ್ನು ದಾಟಿ ಒಳಕ್ಕೆ ಬಂದರೆ ಭಂಗವುಂಟು.

ಇತರ ಧರ್ಮಗಳವರೂ ಈ ಭಾವವನ್ನು ಅರಿಯದವರಲ್ಲ. ಹೈದರಾಲಿಯು 1760ರಲ್ಲಿ ಲಾಲ್‌ಬಾಗನ್ನು ಪ್ರಾರಂಭಿಸಿದಾಗ ಸಿರಾದ ಮೊಗಲ್ ತೋಟವು ಅವನ ಕಣ್ಣ ಮುಂದಿತ್ತು. ಆ ಸಂಪ್ರದಾಯದ ಚಾರ್‌ಬಾಗಿನಲ್ಲಿ ತೋಟವನ್ನು ನಾಲ್ಕು ಭಾಗ ಮಾಡುವ ನೀರಿನ ಕಾಲುವೆಗಳು ಸ್ವರ್ಗದ ನಾಲ್ಕು ನದಿಗಳ ಸ್ಮರಣೆ. ಅಲ್ಲಿಯೂ ರೇಖೆಯೆಂಬುದು ಹರಿಯುವ ನೀರಿಗೆ ಮಾಡಿಕೊಟ್ಟ ದಾರಿ.

ನಮ್ಮ ಕರಾವಳಿಯ ನಾಗಮಂಡಲದಲ್ಲಿ ಪಂಚವರ್ಣದ ಪುಡಿಗಳಿಂದ, ಹೆಣೆದುಕೊಂಡ ಸರ್ಪದ ಆಕೃತಿಯನ್ನು ಅತ್ಯಂತ ಶ್ರಮದಿಂದ ನೆಲದ ಮೇಲೆ ಬರೆಯುತ್ತಾರೆ. ರಾತ್ರಿಯೆಲ್ಲ ಸೇವೆ ನಡೆದು, ಮುಗಿಯುವ ಹೊತ್ತಿಗೆ ಅದನ್ನು ಅಳಿಸಿ ಪುಡಿಯನ್ನು ಪ್ರಸಾದವೆಂದು ತೆಗೆದುಕೊಳ್ಳುತ್ತಾರೆ. ಬೆಂಗಳೂರಿನ ಹೆಣ್ಣುಮಕ್ಕಳು ಬಾಗಿಲ ಮುಂದೆ ಚುಕ್ಕಿಯಿಟ್ಟು ಎಳೆಯುವ ರಂಗೋಲಿಯೂ ಮಧ್ಯಾಹ್ನದೊಳಗೆ ಕಾಲಿಗೆ, ಗಾಳಿಗೆ ಸೇರಿಹೋಗುತ್ತದೆ. ಅಳಿಯುವುದಕ್ಕೆ ಒಪ್ಪಿಕೊಂಡೇ ಬರೆದ ರೇಖೆಯಲ್ಲಿ ಅಹಂಕಾರಕ್ಕೆ ನಿಲ್ಲುವ ಎಡೆಯಿಲ್ಲ. ತೋಟದ ರೇಖೆಯು ಸುಣ್ಣದಲ್ಲಿರಲಿ, ಮಣ್ಣಿನ ಏರಿಯಲ್ಲಿರಲಿ, ಬಿಡಿಯಾಗಿ ಜೋಡಿಸಿದ ಕಲ್ಲಿನಲ್ಲಿರಲಿ. ಬೇರು ಬಂದು ತಳ್ಳಿದಾಗ ಸರಿದುಕೊಳ್ಳುವಂತಿರಲಿ. ಕಾಂಕ್ರೀಟಿನಲ್ಲಿ ಎರಕ ಹೊಯ್ದ ವೃತ್ತವು ಗಣಿತದ ದೃಷ್ಟಿಯಿಂದ ಎಷ್ಟೇ ನಿರ್ದುಷ್ಟವಾಗಿದ್ದರೂ ನನ್ನ ಮನಸ್ಸು ಅದನ್ನು ಒಪ್ಪದು.

ನಮ್ಮ ರೈತರು ಮರದ ಬುಡಕ್ಕೆ ಮಾಡುವ ಪಾತಿಯನ್ನು ನಾನು ಅಂಗಳದ ರೇಖಾಗಣಿತದ ಅತ್ಯುತ್ತಮ ಕೃತಿಯೆಂದು ಕರೆಯುತ್ತೇನೆ. ಬೆಳೆದ ತೆಂಗಿಗೆ ಬುಡದಿಂದ ಸುಮಾರು 6 ಅಡಿ ತ್ರಿಜ್ಯದ ಪಾತಿ ಬೇಕೆನ್ನುತ್ತಾರೆ. ಏಕೆಂದರೆ ಆಹಾರವನ್ನು ಹೀರುವ ಬೇರುಗಳಲ್ಲಿ ಬಹುಭಾಗವು ಆ ಸುತ್ತಿನಲ್ಲಿಯೇ ಇರುತ್ತದೆ. ಇಲ್ಲಿ ಕೇಂದ್ರವನ್ನು ಗೊತ್ತುಮಾಡಿದ್ದು ಮರ, ತ್ರಿಜ್ಯವನ್ನು ಗೊತ್ತುಮಾಡಿದ್ದು ಬೇರು. ಮನುಷ್ಯನು ಗುದ್ದಲಿಯನ್ನು ಹಿಡಿದು ಆ ಮಾತನ್ನು ಕೇಳಿದನು, ಅಷ್ಟೆ. ಪ್ರತಿ ವರ್ಷವೂ ಮಳೆಗೆ ಅದರ ಅಂಚು ಕರಗುತ್ತದೆ, ಪ್ರತಿ ವರ್ಷವೂ ಅವನು ಬಗ್ಗಿ ಅದನ್ನು ತಿರುಗಿ ಎತ್ತಿ ಕಟ್ಟುತ್ತಾನೆ.

ನಾಗರಬಾವಿಯಲ್ಲಿಯೂ, ಅದರಾಚೆ ಕೆಂಗೇರಿಯ ಕಡೆಗೆ ಹೊಸದಾಗಿ ಎದ್ದಿರುವ ಬಡಾವಣೆಗಳಲ್ಲಿಯೂ ಮನೆ ಕಟ್ಟಿಸುತ್ತಿರುವವರಲ್ಲಿ ನನ್ನ ಪ್ರಾರ್ಥನೆಯಿಷ್ಟು. ಗಾರೆಯವರು ಅಂಗಳಕ್ಕೆ ಕಲ್ಲು ಹಾಸಲು ಬರುವ ಮುನ್ನಾದಿನವೇ, ನೀವು ನೆಡಬೇಕೆಂದಿರುವ ಅಥವಾ ಮೊದಲಿನಿಂದಲೂ ಅಲ್ಲಿ ನಿಂತಿರುವ ಗಿಡದ ಬುಡದಲ್ಲಿ ಗೂಟವನ್ನಿಟ್ಟು, ಅದಕ್ಕೆ ಎಷ್ಟು ನೆಲ ಬೇಕೋ ಅಷ್ಟುದ್ದದ ಹಗ್ಗದಿಂದ ಒಂದು ವೃತ್ತವನ್ನು ನಿಮ್ಮ ಕೈಯಿಂದಲೇ ಬರೆಯಿರಿ. ಕಲ್ಲು ಹಾಸುವವನಿಗೆ ಅದರ ಹೊರಗಿನ ನೆಲವನ್ನು ಮಾತ್ರ ತೋರಿಸಿರಿ.